ಬಸ್ ಲೇನ್ ರಿದ್ದಿಂನ ಹದಿನಾಲ್ಕು ಹೆಸರುಗಳು

ಹದಿನೆಂಟು ವರ್ಷ ಹಾಡಿನ ಕಂಪನಿಯಲ್ಲಿ ಕೆಲಸ ಮಾಡಿದೆ ಎಂದರೆ ಮೈಸೂರಿನ ನೆಂಟರು ಈಗಲೂ ‘ಹಾಗಾದ್ರೆ ಒಂದು ಹಾಡು ಹೇಳು’ ಎನ್ನುತ್ತಾರೆ. ನಾನು ಹಾಡುವುದಿಲ್ಲ. ಹಾಡಿದವರು ಯಾರು, ಬರೆದವರು ಯಾರು, ಬಾರಿಸಿದವರು ಯಾರು ಎಂದು ನೋಡಿ ಆ ಹೆಸರುಗಳನ್ನು ತಕ್ಕ ಖಾನೆಗಳಲ್ಲಿ ತುಂಬಿ ಮುಂದಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ಕಾರ್ಕ್ ಊರಿನ ಹೊರಗೆ, ಲಿಟಲ್ ಐಲ್ಯಾಂಡಿನಲ್ಲಿ, ಮಾತ್ರೆ ತಯಾರಿಸುವ ಕಾರ್ಖಾನೆಯೊಂದರ ಹಿಂದೆ ನಮ್ಮ ಆಫೀಸು. ಸಣ್ಣ ಕಂಪನಿಗಳು, ಒಂಟಿ ಹಾಡುಗಾರರು ತಮ್ಮ ಹಾಡುಗಳನ್ನು ನಮಗೆ ಕಳಿಸುತ್ತಿದ್ದರು. ನಾವು ಪರೀಕ್ಷಿಸಿ, ನೀವೆಲ್ಲ ಫೋನಿನಲ್ಲಿ ಹಾಡು ಕೇಳುವ ಆ್ಯಪ್‌ಗಳಿಗೆ ದಾಟಿಸುತ್ತಿದ್ದೆವು. ಎಲ್ಲ ಸರಿಯಾಗಿದ್ದರೆ ನಾವು ಇದ್ದೇವೆ ಎಂಬುದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಮ್ಮನ್ನು ಯಾರಾದರೂ ಹುಡುಕಿಕೊಂಡು ಬಂದರೆಂದರೆ ನಾವು ಏನೋ ಕೆಡಿಸಿದ್ದೇವೆ ಎಂದೇ ಅರ್ಥ.

ಕಳೆದ ವರ್ಷ ನಾನು ನಿವೃತ್ತಳಾದಾಗ ನನ್ನ ಮೇಜಿಗೆ ಬಂದವರು ಬೆಂಗಳೂರಿನ ಇಬ್ಬರು ಹುಡುಗಿಯರು. ಅವರಿಗೆ ನಲವತ್ತು ಪುಟದ ಕೈಪಿಡಿ ಕೊಟ್ಟು ಬಂದಿದ್ದೇನೆ. ಅದರಲ್ಲಿ ನಿಯಮಗಳಿವೆ, ಆ ನಿಯಮಗಳು ಯಾರ ಯಾರ ಅವಮಾನದಿಂದ ಹುಟ್ಟಿದವು ಎಂಬುದಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನ ಅವಮಾನ ನನ್ನದೇ.

ಒಂದು ಎಚ್ಚರಿಕೆ. ನನ್ನ ನೆನಪಿನಲ್ಲಿ ನಾನು ಯಾವಾಗಲೂ ತಕ್ಷಣ ಉತ್ತರ ಹೊಳೆಯುವವಳು. ನನ್ನ ಡೈರಿಯಲ್ಲಿ ಹಾಗಿಲ್ಲ. ಆದ್ದರಿಂದ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಜಗಳ ಬಂದ ಕಡೆ ಡೈರಿಯ ಮಾತು ನಡೆಯುತ್ತದೆ, ಅದರ ಅಕ್ಷರ ಓದಲು ಬರುವಷ್ಟರ ಮಟ್ಟಿಗೆ.

ಈ ಕೆಲಸಕ್ಕೆ ನಾನು ಬಂದದ್ದು ಮೈಸೂರಿನ ಒಂದು ಕಾಲೇಜಿನ ಲೈಬ್ರರಿಯಿಂದ. ಅಲ್ಲಿ ಆರು ವರ್ಷ ಪುಸ್ತಕಗಳಿಗೆ ಕಾರ್ಡು ಬರೆದಿದ್ದೆ. ಯಜಮಾನರಿಗೆ ಕಾರ್ಕಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿ ಬಂದ ಮೇಲೆ ನಾನು ಎರಡು ವರ್ಷ ಮನೆಯಲ್ಲಿ ಕೂತು, ಮಸಾಲೆ ಡಬ್ಬಿಗಳಿಗೆಲ್ಲ ಅಕಾರಾದಿಯಾಗಿ ಚೀಟಿ ಅಂಟಿಸಿದೆ. ಇದು ಹೀಗೇ ಮುಂದುವರಿದರೆ ತನಗೂ ಒಂದು ಚೀಟಿ ಬೀಳುತ್ತದೆ ಎಂದು ಹೆದರಿ, ಅವರೇ ಪೇಪರಿನಲ್ಲಿ ಈ ಕೆಲಸ ಹುಡುಕಿಕೊಟ್ಟರು.

ಮೊದಲ ತಿಂಗಳಲ್ಲೇ ನಾನೊಂದು ಸಂಶೋಧನೆ ಮಾಡಿದೆ. ಐರ್ಲೆಂಡಿನ ಹಳೆಯ ಪಿಟೀಲು, ಕೊಳಲಿನ ಧ್ವನಿಮುದ್ರಣಗಳಲ್ಲಿ ‘ಗನ್ ಆನಿಮ್’ ಎಂಬ ಒಂದೇ ಧಾಟಿ ಮತ್ತೆ ಮತ್ತೆ ಬರುತ್ತಿತ್ತು. ಕೆರಿ ಜಿಲ್ಲೆಯವರೂ ಅದನ್ನು ನುಡಿಸಿದ್ದಾರೆ, ಡೊನೆಗಾಲ್ ಜಿಲ್ಲೆಯವರೂ ನುಡಿಸಿದ್ದಾರೆ, ಒಬ್ಬನಂತೂ ಒಂದೇ ಸಿಡಿಯಲ್ಲಿ ನಾಲ್ಕು ಸಲ. ಈ ದೇಶದ ಅತ್ಯಂತ ಜನಪ್ರಿಯ ಧಾಟಿ ಇದು, ಇದಕ್ಕೆ ಪ್ರತ್ಯೇಕ ಪುಟ ಬೇಕು ಎಂದು ಎರಡು ಪುಟದ ಟಿಪ್ಪಣಿ ಬರೆದು ಮ್ಯಾನೇಜರ್ ಡೆಕ್ಲನ್‌ಗೆ ಕೊಟ್ಟೆ. ಅವನು ಪೂರ್ತಿ ಓದಿ, ಕನ್ನಡಕ ತೆಗೆದು ಒರೆಸಿ, ‘ಗ್ರ್ಯಾಂಡ್’ ಎಂದ. ಆಮೇಲೆ ಮೆಲ್ಲಗೆ, ಐರಿಷ್ ಭಾಷೆಯಲ್ಲಿ ಅದಕ್ಕೆ ‘ಹೆಸರಿಲ್ಲದ್ದು’ ಎಂದರ್ಥ ಎಂದು ತಿಳಿಸಿದ. ಧಾಟಿಯ ಹೆಸರು ಮರೆತವರೆಲ್ಲ ಹಾಗೆ ಬರೆಯುತ್ತಿದ್ದರಂತೆ.

ಡೆಕ್ಲನ್‌ನ ‘ಗ್ರ್ಯಾಂಡ್’ ಬಗ್ಗೆ ಹೊಸಬರು ತಿಳಿದಿರಬೇಕು. ಈ ದೇಶದಲ್ಲಿ ಎಲ್ಲರೂ ಎಲ್ಲದಕ್ಕೂ ಗ್ರ್ಯಾಂಡ್ ಎನ್ನುತ್ತಾರೆ. ಡೆಕ್ಲನ್ ಗಟ್ಟಿಯಾಗಿ ಅಂದರೆ ಸರಿಯಾಗಿದೆ ಎಂದರ್ಥ. ಉದ್ದವಾಗಿ ಎಳೆದು ಅಂದರೆ ಸರಿಯಿಲ್ಲ, ಆದರೆ ಮನೆಗೆ ಹೋಗುವ ಹೊತ್ತಾಯಿತು ಎಂದರ್ಥ. ಪಿಸುಗುಟ್ಟಿದರೆ ವಕೀಲರನ್ನು ಕರೆಯಬೇಕಾಗಬಹುದು. ಅವನು ಎಂದೂ ಕೋಪದಿಂದ ದನಿ ಎತ್ತಿದವನಲ್ಲ. ನನ್ನ ಪೂರ್ಣ ಹೆಸರು ವಸುಂಧರಾ ಅವನ ಬಾಯಲ್ಲಿ ಮೊದಲ ದಿನವೇ ‘ವಸ್’ ಆಯಿತು, ಕೊನೆಯ ದಿನದವರೆಗೂ ಹಾಗೇ ಉಳಿಯಿತು. ಇಂಗ್ಲಿಷಿನಲ್ಲಿ ನೀನು ಎಂದನೋ ನೀವು ಎಂದನೋ ತಿಳಿಯುವುದಿಲ್ಲ. ನಾನು ಅವನ ಮುಖ ನೋಡಿ ಕೆಲವು ಕಡೆ ನೀನು, ಕೆಲವು ಕಡೆ ನೀವು ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ನಾನು ಸೇರಿದಾಗ ಸಿಡಿಗಳು ಇನ್ನೂ ಬರುತ್ತಿದ್ದವು. ಕವರಿನ ಹಿಂದಿನ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿ ಟೈಪು ಮಾಡುವುದು. ಆಮೇಲೆ ಎಲ್ಲರೂ ಫಾರಂ ತುಂಬಿ ಇಂಟರ್‌ನೆಟ್ಟಿನಲ್ಲಿ ಕಳಿಸಲು ಶುರುಮಾಡಿದರು. ಕೆಲಸ ಸುಲಭವಾಗುತ್ತದೆ ಎಂದುಕೊಂಡೆವು. ಕವರು ಅಚ್ಚು ಹಾಕಿಸಲು ದುಡ್ಡು ಕೊಡಬೇಕಾಗಿದ್ದಾಗ ಜನ ನಾಲ್ಕು ಸಲ ನೋಡಿ ಬರೆಯುತ್ತಿದ್ದರು. ಫಾರಂ ಬಂದ ಮೇಲೆ ಬಸ್ ಸ್ಟಾಪಿನಲ್ಲಿ ನಿಂತು ಹೆಬ್ಬೆರಳಲ್ಲಿ ತುಂಬತೊಡಗಿದರು. ಒಬ್ಬ ಮಹಾಶಯ ಹಾಡಿನ ಹೆಸರಿನ ಖಾನೆಯಲ್ಲಿ ತನ್ನ ಅಂಚೆ ವಿಳಾಸ ಬರೆದಿದ್ದ. ಅದನ್ನು ನಾನು ಹಿಡಿದೆ. ಹಿಡಿದದ್ದನ್ನೂ ಆಗಾಗ ಹೇಳಿಕೊಳ್ಳಬೇಕು.

ನನಗೆ ಹೆಸರು ತಂದ ನಿಯಮ ಒಂದಿದೆ. ನಮ್ಮಲ್ಲಿಗೆ ಭಾರತದ ಶಾಸ್ತ್ರೀಯ ಸಂಗೀತವೂ ಬರುತ್ತಿತ್ತು. ಒಬ್ಬರೇ ಗಾಯಕರು ಒಂದು ಕಡೆ ಪಂಡಿತ್, ಇನ್ನೊಂದು ಕಡೆ ಡಾಕ್ಟರ್, ಮತ್ತೊಂದು ಕಡೆ ಪಂಡಿತ್ ಡಾಕ್ಟರ್ ಶ್ರೀ. ಆ್ಯಪ್‌ಗಳಲ್ಲಿ ಒಂದೊಂದು ಹೆಸರಿಗೂ ಒಂದು ಪುಟ. ಹೀಗಾಗಿ ಒಬ್ಬರೇ ಮನುಷ್ಯರು ಆರು ಪುಟಗಳಲ್ಲಿ ಆರು ಜನರಾಗಿ ಕೂತಿದ್ದರು. ಕೇಳುವವರಿಗೆ ಅರ್ಧ ಹಾಡು ಇಲ್ಲಿ ಸಿಗುತ್ತಿತ್ತು, ಅರ್ಧ ಅಲ್ಲಿ. ಲೈಬ್ರರಿಯಲ್ಲಿ ನಾವು ಕಾರ್ಡು ಬರೆಯುವಾಗ ಶ್ರೀ, ಶ್ರೀಮತಿ, ವಿದ್ವಾನ್ ಎಲ್ಲವನ್ನೂ ಬಿಟ್ಟು ಹೆಸರಷ್ಟನ್ನೇ ಇಟ್ಟುಕೊಳ್ಳುತ್ತಿದ್ದೆವು. ಅದನ್ನೇ ಇಲ್ಲಿಗೂ ತಂದೆ: ಹೆಸರಿನ ಮುಂದಿನ ಬಿರುದುಗಳನ್ನು ತೆಗೆಯಿರಿ. ಆರು ಪಂಡಿತರು ಒಂದೇ ವಾರದಲ್ಲಿ ಒಬ್ಬರಾದರು. ಡೆಕ್ಲನ್ ಗಟ್ಟಿಯಾಗಿ ಗ್ರ್ಯಾಂಡ್ ಎಂದ, ಒಂದು ಡಬ್ಬಿ ಬಿಸ್ಕತ್ತು ಕೊಟ್ಟ. ಆ ನಿಯಮಕ್ಕೆ ಆಫೀಸಿನಲ್ಲಿ ‘ವಸ್ ರೂಲ್’ ಎಂದೇ ಹೆಸರಾಯಿತು. ನನಗೆ ಹೆಮ್ಮೆಯಾಗಿತ್ತು. ಎಷ್ಟು ಎಂದರೆ, ಅದನ್ನು ಎಲ್ಲಿ ನಿಲ್ಲಿಸಬೇಕು ಎಂದು ಬರೆದಿಡುವುದನ್ನು ಮರೆತೆ.

ಕೊನೆಯ ಐದು ವರ್ಷಗಳಲ್ಲಿ ಮೆಲ್ವಿನ್ ಬಂದ. ಮಂಗಳೂರಿನವನು, ಪ್ರೋಗ್ರಾಮರ್, ನಲವತ್ತರ ಆಸುಪಾಸು. ಮೀನು ತಾಜಾ ಇಲ್ಲ ಎಂಬುದು ಬಿಟ್ಟರೆ ಐರ್ಲೆಂಡಿನ ಮೇಲೆ ಅವನಿಗೆ ಯಾವ ದೂರೂ ಇರಲಿಲ್ಲ. ಒಂದೇ ಹಾಡನ್ನು ಬೇರೆ ಬೇರೆ ಹೆಸರಿನಲ್ಲಿ ಹತ್ತು ಸಲ ಕಳಿಸಿ ಮೋಸ ಮಾಡುವವರು ಹೆಚ್ಚಾಗಿದ್ದರು. ಅವರನ್ನು ಹಿಡಿಯಲು ಅವನು ಒಂದು ಪ್ರೋಗ್ರಾಂ ಬರೆದ. ಎರಡು ಹಾಡುಗಳ ಸಂಗೀತ ಒಂದೇ ಆಗಿದ್ದರೆ ಪರದೆಯ ಮೇಲೆ ಕೆಂಪು ಪಟ್ಟಿ ಬರುತ್ತಿತ್ತು. ನಾವು ನೋಡಿ, ನಕಲು ಎನಿಸಿದರೆ ಅಳಿಸಬೇಕು.

ಒಂದು ಸೋಮವಾರ ಹದಿನಾಲ್ಕು ಹಾಡುಗಳ ಒಂದು ಆಲ್ಬಮ್ ಬಂತು. ಹೆಸರು ‘ಬಸ್ ಲೇನ್ ರಿದ್ದಿಂ’. ಬಿಡುಗಡೆ ಅದೇ ಶುಕ್ರವಾರ. ತೆರೆದರೆ ಪರದೆ ಪೂರ್ತಿ ಕೆಂಪು, ಮದುವೆಮನೆಯ ಜಮಖಾನೆ ಹಾಸಿದ ಹಾಗೆ. ಮೊದಲ ಹಾಡು ಕೇಳಿದೆ: ದಪ್ಪ ತಗ್ಗುದನಿಯ ಬೇಸು, ಅದರ ಮೇಲೆ ಟಿಕ್, ಟಿಕ್ ಎಂಬ ಸದ್ದು, ಒಬ್ಬ ಗಂಡಸಿನ ಹಾಡು. ಎರಡನೆಯದು: ಅದೇ ಬೇಸು, ಅದೇ ಟಿಕ್ ಟಿಕ್, ಯಾರೋ ಕೂಗುತ್ತಿದ್ದಾನೆ. ಮೂರನೆಯದೂ ಅದೇ. ಇಷ್ಟು ನಿರ್ಲಜ್ಜ ಮೋಸಗಾರನನ್ನು ನಾನು ಕಂಡಿರಲಿಲ್ಲ. ಮೊದಲನೆಯದನ್ನು ಉಳಿಸಿ ಹದಿಮೂರನ್ನೂ ಅಳಿಸಿ, ಕಾರಣದ ಖಾನೆಯಲ್ಲಿ ‘ನಕಲು’ ಎಂದು ಹದಿಮೂರು ಸಲ ಬರೆದು, ಚಹಾ ಕುಡಿದೆ.

ಮಾರನೆಯ ದಿನ ರಿಸೆಪ್ಷನ್ನಿನಲ್ಲಿ ಒಬ್ಬ ಎತ್ತರದ ಮನುಷ್ಯ ಬಸ್ ಡ್ರೈವರ್ ಯೂನಿಫಾರ್ಮಿನಲ್ಲಿ ನಿಂತಿದ್ದ. ಹೆಸರು ಡೆಸ್ಮಂಡ್. ಜಮೈಕಾದಲ್ಲಿ ಹುಟ್ಟಿದವನು, ಕಾರ್ಕಿನಲ್ಲಿ ಸಿಟಿ ಬಸ್ಸು ಓಡಿಸುವವನು. ಆ ಆಲ್ಬಮ್ ಅವನದು. ಜಗಳಕ್ಕೆ ಸಿದ್ಧಳಾಗಿ ಹೋದೆ. ಅವನು ನಿಧಾನವಾಗಿ ಹೇಳಿದ: ‘ಸಿಸ್ಟರ್, ನಾನು ಹದಿನಾಲ್ಕು ಜನರನ್ನು ಬಸ್ಸು ಹತ್ತಿಸಿದ್ದೆ. ನೀವು ಹದಿಮೂರು ಜನರನ್ನು ದಾರಿಯಲ್ಲೇ ಇಳಿಸಿಬಿಟ್ಟಿರಿ.’

ಆಮೇಲೆ ಅವನು ವಿವರಿಸಿದ್ದು ಇದು. ಜಮೈಕಾದ ಡ್ಯಾನ್ಸ್‌ಹಾಲ್ ಸಂಗೀತದಲ್ಲಿ ಒಬ್ಬ ಒಂದು ಬೇಸು, ತಾಳದ ಜೋಡಿಯನ್ನು ತಯಾರು ಮಾಡುತ್ತಾನೆ. ಅದೇ ರಿದ್ದಿಂ. ಅದನ್ನು ಹತ್ತು ಹದಿನೈದು ಹಾಡುಗಾರರಿಗೆ ಕೊಡುತ್ತಾನೆ. ಪ್ರತಿಯೊಬ್ಬರೂ ಅದೇ ಸಂಗೀತದ ಮೇಲೆ ತಮ್ಮದೇ ಮಾತು, ತಮ್ಮದೇ ಜಗಳ, ತಮ್ಮದೇ ಪ್ರೇಮ ಕೂರಿಸುತ್ತಾರೆ. ಎಲ್ಲವನ್ನೂ ಸೇರಿಸಿ ಒಂದು ಆಲ್ಬಮ್. ಯಾರು ಹೆಚ್ಚು ಚೆನ್ನಾಗಿ ಕೂರಿಸಿದರು ಎಂಬುದೇ ಕೇಳುವವರ ಸಂತೋಷ. ಡೆಸ್ಮಂಡ್ ತನ್ನ ಬಸ್ಸಿನ ಇಂಡಿಕೇಟರ್ ಸದ್ದನ್ನು ಫೋನಿನಲ್ಲಿ ಹಿಡಿದು ಅದರ ಮೇಲೆ ಈ ರಿದ್ದಿಂ ಕಟ್ಟಿದ್ದ. ಟಿಕ್ ಟಿಕ್ ಅದೇ.

ನಾಚಿಕೆಯಾದದ್ದು ಯಾಕೆಂದರೆ, ಇದು ನನಗೆ ಗೊತ್ತಿರಬೇಕಾಗಿತ್ತು. ಮೈಸೂರಿನ ಲೈಬ್ರರಿಯಲ್ಲಿ ಹಳೆಯ ನಾಟಕ ಕಂಪನಿಗಳ ಹಾಡಿನ ಪುಸ್ತಕಗಳ ಒಂದು ಕಪಾಟನ್ನೇ ನಾನು ಕಾರ್ಡು ಮಾಡಿದ್ದೆ. ಪ್ರತಿ ಹಾಡಿನ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುತ್ತಿತ್ತು. ಒಂದೇ ಮಟ್ಟಿನಲ್ಲಿ ರಾಜನೂ ಹಾಡುತ್ತಿದ್ದ, ದ್ವಾರಪಾಲಕನೂ ಹಾಡುತ್ತಿದ್ದ, ಮುಂದಿನ ಪುಸ್ತಕದಲ್ಲಿ ದೇವರ ಸ್ತುತಿಯೂ ಅದೇ. ಅವು ನಕಲು ಎಂದು ನಾನು ಒಂದನ್ನೂ ಎಸೆದಿರಲಿಲ್ಲ. ‘ಮಟ್ಟು’ ಎಂದಿದ್ದರೆ ತಲೆಬಾಗುತ್ತಿದ್ದವಳು ‘ರಿದ್ದಿಂ’ ಎಂದಾಗ ಪೊಲೀಸಿನವಳಾದೆ.

ತಪ್ಪನ್ನು ಮೆಲ್ವಿನ್‌ನ ಪ್ರೋಗ್ರಾಮಿನ ಮೇಲೆ ಹಾಕಲು ನೋಡಿದೆ ಎಂದು ಡೈರಿ ಹೇಳುತ್ತದೆ. ನೆನಪು ಇದನ್ನು ಒಪ್ಪುವುದಿಲ್ಲ, ಆದರೆ ಅವನ ಉತ್ತರವನ್ನು ಡೈರಿಯಲ್ಲಿ ಅವನ ಭಾಷೆಯಲ್ಲೇ ಬರೆದಿಟ್ಟಿದ್ದೇನೆ: ‘ಎಂತ ಮೇಡಂ, ಅದು ಕೆಂಪು ತೋರಿಸ್ತದೆ ಅಷ್ಟೇ. ಅಳಿಸ್ಲಿಕ್ಕೆ ಅದು ಹೇಳ್ಲಿಲ್ಲ. ಅದು ನೀವೇ ಮಾಡಿದ್ದು ಮಾರಾಯ್ರೇ.’

ಅಳಿಸಿದ್ದು ವಾಪಸು ಬರುವಂತಿರಲಿಲ್ಲ. ಹದಿಮೂರು ಹಾಡುಗಳ ವಿವರವನ್ನು ಮೊದಲಿನಿಂದ ತುಂಬಬೇಕು. ಡೆಸ್ಮಂಡ್ ತನ್ನ ಡ್ಯೂಟಿಗೆ ಹೋಗಬೇಕಿತ್ತು. ಹೋಗುವ ಮೊದಲು ಒಂದು ಮಾತು ಹೇಳಿದ. ಹನ್ನೊಂದನೆಯ ಹಾಡನ್ನು ಸ್ವಲ್ಪ ಜೋಪಾನವಾಗಿ ನೋಡಿಕೊಳ್ಳಿ ಎಂದು. ಅದು ಅವನ ಚಿಕ್ಕಮ್ಮನದು. ಎಪ್ಪತ್ತೆಂಟು ವರ್ಷ. ವಾಟರ್‌ಫರ್ಡಿನಲ್ಲಿರುತ್ತಾರೆ. ಹತ್ತೊಂಬತ್ತರ ವಯಸ್ಸಿನಲ್ಲಿ ಜಮೈಕಾದ ಕಿಂಗ್ಸ್ಟನ್ನಿನಲ್ಲಿ ಒಂದು ರೆಕಾರ್ಡಿಗೆ ಹಾಡಿದ್ದರಂತೆ. ರೆಕಾರ್ಡು ಬಂದಾಗ ಅದರ ಮೇಲೆ ಸ್ಟುಡಿಯೊ ಯಜಮಾನನ ಹೆಸರು ಮಾತ್ರ ಇತ್ತು. ಆಮೇಲೆ ಅವರು ಹಾಡಲಿಲ್ಲ. ಲಂಡನ್ನಿಗೆ ಬಂದರು, ಅಲ್ಲಿಂದ ಇಲ್ಲಿಗೆ, ಬದುಕೆಲ್ಲ ಆಸ್ಪತ್ರೆ ಅಡುಗೆಮನೆಗಳಲ್ಲಿ ಕಳೆಯಿತು. ಈ ಸಲ ನಿಮ್ಮ ಹೆಸರು ಬಂದೇ ಬರುತ್ತದೆ ಎಂದು ಡೆಸ್ಮಂಡ್ ಮಾತು ಕೊಟ್ಟ ಮೇಲೇ ಅವರು ಮೈಕಿನ ಮುಂದೆ ನಿಂತದ್ದು. ಭಾನುವಾರ ಚರ್ಚು ಮುಗಿದ ಮೇಲೆ ಮನೆಯಲ್ಲಿ ಊಟ, ನೆರೆಹೊರೆಯವರು, ಹಳೆಯ ಸಹೋದ್ಯೋಗಿಗಳು, ವಿಡಿಯೊದಲ್ಲಿ ಟೊರಾಂಟೊದ ತಂಗಿ. ಎಲ್ಲರೂ ಫೋನು ತೆಗೆದು ಅವರ ಹೆಸರು ಹುಡುಕಿ ಹಾಡು ಕೇಳುವುದು ಎಂದು ನಿಶ್ಚಯವಾಗಿತ್ತು.

ಆ ಹೆಸರನ್ನು ನಾನೇ ಸ್ವಂತ ಕೈಯಿಂದ ತುಂಬುತ್ತೇನೆ ಎಂದು ಮಾತು ಕೊಟ್ಟೆ. ತುಂಬಿದೆ ಕೂಡ.

ಹಾಡುಗಾರರ ಪಟ್ಟಿ ಮುಂದಿತ್ತು. ಕರ್ನಲ್ ಕೊಕೊ. ಬಿಷಪ್ ಬ್ರೇಕ್‌ಲೈಟ್. ಪ್ರೊಫೆಸರ್ ಜಿಂಜರ್. ಸಾರ್ಜೆಂಟ್ ಸ್ಲಿಪ್ಪರ್. ಲಾರ್ಡ್ ಡ್ರಿಪ್ಸಿ, ಇವನು ಕಾರ್ಕ್ ಬಳಿಯ ಹಳ್ಳಿಯ ಕೊಳಾಯಿ ರಿಪೇರಿಯವನು, ಈ ಗುಂಪಿನ ಒಬ್ಬನೇ ಬಿಳಿಯ. ಹನ್ನೊಂದನೆಯ ಸಾಲಿನಲ್ಲಿ ಮಿಸ್ ಡಲ್ಸಿ. ಇಷ್ಟು ಬಿರುದುಗಳನ್ನು ಒಂದೇ ಕಡೆ ಕಂಡು ನನ್ನ ಕೈ ತಾನಾಗಿ ಎದ್ದಿತು. ವಸ್ ರೂಲ್ ಇರುವುದು ಯಾಕೆ? ಕರ್ನಲ್ ಹೋದ. ಬಿಷಪ್ ಹೋದ. ಪ್ರೊಫೆಸರ್, ಸಾರ್ಜೆಂಟ್, ಲಾರ್ಡ್, ಒಬ್ಬೊಬ್ಬರಾಗಿ ಸಾಮಾನ್ಯ ಪ್ರಜೆಗಳಾದರು. ಮಿಸ್ ಕೂಡ ಹೋಯಿತು. ಇವು ಬಿರುದಲ್ಲ, ಅವರು ತಾವೇ ಕಟ್ಟಿಕೊಂಡ ಹೆಸರಿನ ಅರ್ಧ ಭಾಗ ಎಂಬುದು ನನಗೆ ಹೊಳೆಯಲೇ ಇಲ್ಲ. ಮಧ್ಯಾಹ್ನದ ಊಟ ಬಿಟ್ಟು ಮಾಡಿದ ಕೆಲಸ ಅದು. ಎರಡು ಸಲ ಪರೀಕ್ಷಿಸಿದೆ. ನೆನಪಿಡಿ: ತಪ್ಪನ್ನು ಎರಡು ಸಲ ಪರೀಕ್ಷಿಸಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಆಲ್ಬಮ್ ಹೊರಬಂತು. ಹತ್ತು ಗಂಟೆಗೆ ಗಾಲ್ವೇಯಿಂದ ಒಂದು ಫೋನು. ಅಲ್ಲಿ ಡಲ್ಸಿ ಎಂಬ ಹೆಸರಿನ ಒಬ್ಬ ತರುಣಿ ಹಾರ್ಪ್ ನುಡಿಸುತ್ತಿದ್ದಳು. ಹಾರ್ಪೆಂದರೆ ಈ ದೇಶದ ದೊಡ್ಡ ತಂತಿವಾದ್ಯ. ಅವಳೂ ನಮ್ಮ ಮೂಲಕವೇ ಸಂಗೀತ ಕಳಿಸುವವಳು. ಹಸುಗೂಸುಗಳನ್ನು ಮಲಗಿಸುವ ಮೆಲುನಾದ ಅವಳ ವಿಶೇಷ. ಅವಳು ಬಹಳ ಮರ್ಯಾದೆಯಿಂದ, ತೊಂದರೆ ಕೊಡುತ್ತಿರುವುದಕ್ಕೆ ಮೂರು ಸಲ ಕ್ಷಮೆ ಕೇಳಿ, ತನ್ನ ಪುಟದಲ್ಲಿ ಒಂದು ಹೊಸ ಹಾಡು ಬಂದಿದೆ, ಅದು ತನ್ನದು ಅನ್ನಿಸುತ್ತಿಲ್ಲ ಎಂದಳು. ಲಾಲಿಗಳ ನಡುವೆ ಒಬ್ಬ ಅಜ್ಜಿ ಬಸ್ ಡ್ರೈವರನ್ನು ಬೈಯುತ್ತಿದ್ದಾರೆ. ತಾಯಂದಿರು ಬರೆಯುತ್ತಿದ್ದಾರೆ. ಒಬ್ಬಳ ಮಗು ತೊಟ್ಟಿಲ ಕಂಬಿ ಹಿಡಿದು ಎದ್ದು ನಿಂತು ಸೊಂಟ ಅಲ್ಲಾಡಿಸುತ್ತಿದೆಯಂತೆ. ಇನ್ನು ಮಲಗುವ ಲಕ್ಷಣವಿಲ್ಲವಂತೆ. ‘ಹಾಡು ಗ್ರ್ಯಾಂಡ್ ಆಗಿದೆ, ನನಗೂ ಇಷ್ಟವಾಯಿತು, ಆದರೆ’ ಎಂದು ನಿಲ್ಲಿಸಿದಳು.

‘ಮಿಸ್’ ತೆಗೆದ ಕೂಡಲೇ ನಮ್ಮ ಸಿಸ್ಟಂ ಇಬ್ಬರು ಡಲ್ಸಿಯರೂ ಒಬ್ಬರೇ ಎಂದು ತಿಳಿದು ಸೇರಿಸಿಬಿಟ್ಟಿತ್ತು. ಕರ್ನಲ್ ಇಲ್ಲದ ಕೊಕೊ ಮಕ್ಕಳ ಕಾರ್ಟೂನ್ ಹಾಡುಗಳ ಪುಟಕ್ಕೆ ಹೋಗಿದ್ದ. ಅವನು ದೂರಲಿಲ್ಲ, ಕೇಳುವವರು ಹೆಚ್ಚಾಗಿದ್ದಾರೆ ಎಂದು ಖುಷಿಯಾಗಿದ್ದನಂತೆ. ಆದರೆ ‘ಮಿಸ್ ಡಲ್ಸಿ’ ಎಂದು ಹುಡುಕಿದರೆ ಅವರ ಪುಟ ಎಲ್ಲೂ ಇರಲಿಲ್ಲ, ಹಾರ್ಪಿನ ಡಲ್ಸಿಯೇ ಬರುತ್ತಿದ್ದಳು. ಅರವತ್ತು ವರ್ಷದ ಹಿಂದೆ ಸ್ಟುಡಿಯೊ ಯಜಮಾನ ಮಾಡಿದ್ದನ್ನು ನಾನು ಕಂಪ್ಯೂಟರಿನಲ್ಲಿ ಇನ್ನಷ್ಟು ಅಚ್ಚುಕಟ್ಟಾಗಿ ಮಾಡಿದ್ದೆ.

ತಿದ್ದುಪಡಿಯನ್ನು ನಾವು ಕಳಿಸಿದರೂ ಆ್ಯಪ್‌ನವರು ಹೊಸ ಪುಟ ತೆರೆಯಲು ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತಾರೆ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಭಾನುವಾರ ಊಟ. ಡೆಕ್ಲನ್ ವಿಷಯ ಕೇಳಿ ಗ್ರ್ಯಾಂಡ್ ಎಂದು ಪಿಸುಗುಟ್ಟಿದ. ‘ತಾಂತ್ರಿಕ ಅಡಚಣೆಯಿಂದ’ ಎಂದು ಆರಂಭವಾಗುವ ಒಂದು ಕ್ಷಮಾಪಣೆ ಪತ್ರ ಬರೆಸಿದ. ಮೆಲ್ವಿನ್‌ಗೆ ಡಬ್ಲಿನ್ನಿನಲ್ಲಿ ಒಬ್ಬ ಗೆಳೆಯನಿದ್ದ, ಉಡುಪಿ ಕಡೆಯವನು, ಅಂಥದೇ ಒಂದು ಆ್ಯಪ್ ಕಂಪನಿಯಲ್ಲಿ ವಾರಾಂತ್ಯದ ಪಾಳಿ. ಕರಾವಳಿಯವರಿಗೆ ಎಲ್ಲ ಊರಲ್ಲೂ ಅಂಥ ಒಬ್ಬ ಇರುತ್ತಾನೆ. ಅವರಿಬ್ಬರೂ ಫೋನಿನಲ್ಲಿ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದರು, ಅರ್ಧ ಮಾತು ಬಂಗುಡೆ ಮೀನಿನ ಬಗ್ಗೆ. ಕೊನೆಗೆ ಮೆಲ್ವಿನ್, ಅವನು ನಮ್ಮದನ್ನು ಸಾಲಿನಲ್ಲಿ ಮುಂದಕ್ಕೆ ತಳ್ಳಿದ್ದಾನೆ, ಭಾನುವಾರ ಆದರೂ ಆಗಬಹುದು, ಆಗದೆಯೂ ಇರಬಹುದು ಎಂದ.

ಡೆಸ್ಮಂಡ್‌ಗೆ ಫೋನು ಮಾಡಿದೆ. ಅವನು ಬೈಯಲಿಲ್ಲ. ಇದನ್ನು ಚಿಕ್ಕಮ್ಮನಿಗೆ ಹೇಳುವ ಧೈರ್ಯ ತನಗಿಲ್ಲ, ನೀವೇ ಊಟಕ್ಕೆ ಬಂದು ಹೇಳಿ ಎಂದ. ಮೆಲ್ವಿನ್‌ನ ಸಲಹೆ ಚುಟುಕಾಗಿತ್ತು: ‘ಸಿಸ್ಟಂ ಎರರ್ ಅಂತ ಹೇಳಿ ಮೇಡಂ. ಅಜ್ಜಿಗೆ ಎಂತ ಗೊತ್ತಾಗ್ತದೆ.’

ಭಾನುವಾರ ಬಸ್ಸಿನಲ್ಲಿ ವಾಟರ್‌ಫರ್ಡಿಗೆ ಹೋದೆ. ದಾರಿಯುದ್ದಕ್ಕೂ ಫೋನು ತೆಗೆದು ಹುಡುಕುತ್ತಿದ್ದೆ. ಹಾರ್ಪು, ಬರೀ ಹಾರ್ಪು.

ಮಿಸ್ ಡಲ್ಸಿ ಕುಳ್ಳಗೆ, ನೆಟ್ಟಗೆ, ನೇರಳೆ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮನೆ ತುಂಬ ಜನ. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಅವರು ಅನುಕಂಪದಿಂದ ನೋಡಿ ತಟ್ಟೆ ತುಂಬ ಅನ್ನ ಹಾಕಿದರು. ಅದಕ್ಕೆ ಅವರು ಅನ್ನ ಮತ್ತು ಬಟಾಣಿ ಎನ್ನುತ್ತಾರೆ. ಅದರಲ್ಲಿ ಬಟಾಣಿಯಿರಲಿಲ್ಲ, ತೆಂಗಿನ ಹಾಲಲ್ಲಿ ಬೇಯಿಸಿದ ರಾಜ್ಮಾ ಇತ್ತು. ತಿದ್ದಲು ನಾಲಿಗೆ ತುರಿಸಿತು. ಆ ವಾರ ಸಾಕಷ್ಟು ತಿದ್ದಿದ್ದೆನಾದ್ದರಿಂದ ಸುಮ್ಮನೆ ತಿಂದೆ. ಬಹಳ ರುಚಿಯಾಗಿತ್ತು.

ನನ್ನ ನೆನಪಿನ ಪ್ರಕಾರ ನಾನು ಹೋದ ಕೂಡಲೇ ತಪ್ಪು ಒಪ್ಪಿಕೊಂಡೆ. ಡೈರಿಯಲ್ಲಿ ‘ಊಟದ ನಂತರ ಹೇಳಿದೆ, ಎರಡನೇ ಸಲ ಬಡಿಸಿಕೊಂಡ ಮೇಲೆ’ ಎಂದಿದೆ. ಅಷ್ಟರಲ್ಲಿ ಒಬ್ಬೊಬ್ಬರೇ ಫೋನು ತೆಗೆದು ಹುಡುಕಲು ಶುರುಮಾಡಿದ್ದರು. ಕೋಣೆಯ ಮೂರು ಮೂಲೆಗಳಿಂದ ಹಾರ್ಪಿನ ಲಾಲಿ ಕೇಳಿಬಂತು. ಯಾರೋ ನಕ್ಕರು. ಡೆಸ್ಮಂಡ್ ಕಿಟಕಿಯ ಹೊರಗೆ ನೋಡತೊಡಗಿದ. ಮಿಸ್ ಡಲ್ಸಿ ಎಲ್ಲರನ್ನೂ ನೋಡಿ, ಕೊನೆಗೆ ನನ್ನನ್ನು ನೋಡಿದರು. ಇವಳು ಹಾಡಿನ ಕಂಪನಿಯವಳು ಎಂದು ಅವರಿಗೆ ಗೊತ್ತಿತ್ತು.

‘ನನ್ನ ಹೆಸರು ಎಲ್ಲಿ ಹೋಯಿತು?’

ಡೆಕ್ಲನ್‌ನ ಪತ್ರ ಕೈಚೀಲದಲ್ಲಿತ್ತು. ಅದನ್ನು ಮುಟ್ಟಿದೆ, ತೆಗೆಯಲಿಲ್ಲ. ‘ಡಲ್ಸಿ ಇದೆ. ಮುಂದಿನ ಮಿಸ್ ಅನ್ನು ತೆಗೆದದ್ದರಿಂದ ಬೇರೆಯವರ ಪುಟಕ್ಕೆ ಹೋಗಿದೆ,’ ಎಂದೆ.

‘ತೆಗೆದದ್ದು ಯಾರು?’

‘ನಾನು.’

ಯಾಕೆ ಎಂದು ಕೇಳಿದರು. ನಮ್ಮ ಕಡೆ ದೊಡ್ಡ ಗಾಯಕರ ಹೆಸರಿನ ಮುಂದೆ ಉದ್ದುದ್ದ ಬಿರುದುಗಳಿರುತ್ತವೆ, ಗೊಂದಲವಾಗುತ್ತದೆ, ಅದಕ್ಕೆ ತೆಗೆಯುವ ನಿಯಮ ಮಾಡಿದ್ದೇನೆ ಎಂದು ಪಂಡಿತರ ಕಥೆ ಹೇಳಿದೆ, ಎರಡು ಸಲ ಚೆಕ್ ಮಾಡಿಯೇ ಕಳಿಸಿದ್ದು ಎಂದೂ ಸೇರಿಸಿದೆ. ಕೋರ್ಟಿನಲ್ಲಿ ನಿಂತ ಹಾಗಿತ್ತು. ಅವರು ಪೂರ್ತಿ ಕೇಳಿಸಿಕೊಂಡರು.

‘ಅವರಿಗೆ ಆ ಬಿರುದು ಕೊಟ್ಟವರು ಯಾರು?’

‘ಸರ್ಕಾರ. ಸಂಗೀತ ಸಭೆಗಳು. ಶಿಷ್ಯರು.’

‘ನನಗೆ ಸರ್ಕಾರ ಕೊಡಲಿಲ್ಲ. ಮೂವತ್ತು ವರ್ಷ ಅಡುಗೆಮನೆಯಲ್ಲಿ ಹದಿನೆಂಟು ವರ್ಷದ ಹುಡುಗರೂ ಡಲ್ಸಿ, ಡಲ್ಸಿ ಅಂತ ಕೂಗಿದರು. ನಮ್ಮೂರಲ್ಲಿ ನನ್ನ ವಯಸ್ಸಿನವಳನ್ನು ಬರೀ ಹೆಸರು ಹಿಡಿದು ಕರೆದರೆ ಕೆನ್ನೆಗೆ ಬೀಳುತ್ತಿತ್ತು. ಈ ಮಿಸ್ ಅನ್ನು ನಾನೇ ಹಾಕಿಕೊಂಡೆ. ನೀನು ಕೊಡದೆ ಇದ್ದದ್ದನ್ನು ನೀನು ಹೇಗೆ ತೆಗೆದೆ?’

ಇದಕ್ಕೆ ಉತ್ತರ ನಲವತ್ತು ಪುಟದ ಕೈಪಿಡಿಯಲ್ಲಿ ಇಂದಿಗೂ ಇಲ್ಲ. ‘ತಪ್ಪಾಯಿತು, ಮಿಸ್ ಡಲ್ಸಿ’ ಎಂದೆ. ಪಾಯಸದಂಥದ್ದೇನೋ ಇತ್ತು, ಅವರು ಅದನ್ನು ನನ್ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಬಡಿಸಿದರು. ನ್ಯಾಯ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನನಗೂ ಒಂದು ಸಣ್ಣ ಬಟ್ಟಲು ಬಂತು.

ಮೆಲ್ವಿನ್‌ಗೆ ಅಡುಗೆಮನೆಯಿಂದ ಎರಡು ಸಲ ಫೋನು ಮಾಡಿದೆ. ಗೆಳೆಯ ಪಾಳಿಗೆ ಬಂದಿದ್ದಾನೆ, ಅಷ್ಟೇ ಗೊತ್ತು ಎಂದ. ಮೂರು ಗಂಟೆಯಾಯಿತು. ಕೆಲವರು ಕೋಟು ಹಾಕಿಕೊಳ್ಳತೊಡಗಿದರು. ಮಿಸ್ ಡಲ್ಸಿ ಕುರ್ಚಿಯಲ್ಲಿ ಕೂತೇ ಇದ್ದರು, ಯಾರನ್ನೂ ತಡೆಯಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಆ ದಿನ ನನಗೆ ಅತ್ಯಂತ ಕಷ್ಟವಾದದ್ದು ಅದನ್ನು ನೋಡುವುದು.

ಮೊದಲು ಕಂಡದ್ದು ಟೊರಾಂಟೊದ ತಂಗಿಗೆ. ವಿಡಿಯೊದಲ್ಲಿ ಅವರು ತಮ್ಮ ಇನ್ನೊಂದು ಫೋನನ್ನು ಕ್ಯಾಮೆರಾಕ್ಕೆ ಹಿಡಿದು ಏನೋ ಕೂಗುತ್ತಿದ್ದರು. ನಾನು ನನ್ನ ಫೋನು ತೆಗೆದೆ. ಹೊಸ ಪುಟ, ಫೋಟೊ ಇಲ್ಲ, ಒಂದೇ ಹಾಡು. ಮೇಲೆ ದಪ್ಪ ಅಕ್ಷರದಲ್ಲಿ ಮಿಸ್ ಡಲ್ಸಿ. ಅವರಿಗೆ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡು, ಮೊದಲ ಪದದ ಮೇಲೆ ಬೆರಳಿಟ್ಟು ಓದಿದರು. ಆಮೇಲೆ ಎರಡನೆಯದು. ಕೋಟು ಹಾಕಿಕೊಂಡವರು ಹಾಗೇ ಕೋಟಿನಲ್ಲೇ ಕೂತರು. ಡೆಸ್ಮಂಡ್ ಸ್ಪೀಕರಿಗೆ ಜೋಡಿಸಿದ.

ಇಲ್ಲಿ ಒಂದು ವೃತ್ತಿರಹಸ್ಯ ಒಪ್ಪಿಕೊಳ್ಳಬೇಕು. ಆ ಹಾಡಿನ ವಿವರವನ್ನು ನಾನು ಅಷ್ಟು ಸಲ ತುಂಬಿದ್ದೆ, ಅಳಿಸಿದ್ದೆ, ತಿದ್ದಿದ್ದೆ; ಹಾಡನ್ನು ಮಾತ್ರ ಪೂರ್ತಿ ಕೇಳಿರಲಿಲ್ಲ. ನಾವು ಒಂದು ಹಾಡಿಗೆ ಕೊಡುತ್ತಿದ್ದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ, ಚೀಲ ಹಿಡಿದು ನಿಂತ ಮುದುಕಿಯನ್ನು ಕಂಡೂ ಬಸ್ಸು ನಿಲ್ಲಿಸದೆ ಹೋದ ಡ್ರೈವರಿಗೆ ಬೈಗುಳವಿತ್ತು. ಕೋಣೆಯಲ್ಲಿ ಎಲ್ಲರೂ ಡೆಸ್ಮಂಡ್‌ನನ್ನು ನೋಡಿ ನಕ್ಕರು. ಆಮೇಲೆ ಬೇಸು ನಿಂತಿತು. ಇಂಡಿಕೇಟರಿನ ಟಿಕ್ ಟಿಕ್ ಒಂದೇ ಉಳಿಯಿತು, ಅದರ ಮೇಲೆ ಅವರ ದನಿ, ಹಾಡಲ್ಲ, ಆಸ್ಪತ್ರೆಯ ಅಡುಗೆಮನೆಯಲ್ಲಿ ಹಾಜರಿ ಕರೆದ ಹಾಗೆ: ಮಿಸ್ ಬ್ರೈಡಿ, ಪಾತ್ರೆ ತೊಳೆದವರು. ಮಿಸ್ ನೋರಾ, ಗಂಜಿ ಕಲಕಿದವರು. ಮಿಸ್ ಗ್ರಾಜಿನಾ, ಟ್ರಾಲಿ ತಳ್ಳಿದವರು. ಮಿಸ್ ಲೀಲಮ್ಮ, ಯಾರೂ ನೋಡದಾಗ ಉಪ್ಪು ಹಾಕಿದವರು. ಸೋಫಾದ ತುದಿಯಲ್ಲಿ ಕೋಟಿನಲ್ಲಿ ಕೂತಿದ್ದ ಒಬ್ಬ ಬಿಳಿಕೂದಲಿನ ಐರಿಷ್ ಅಜ್ಜಿ ಮೊದಲ ಹೆಸರಿಗೆ ಕೈ ಎತ್ತಿದ್ದರು. ಎತ್ತಿದ ಕೈಯನ್ನು ಹಾಡು ಮುಗಿಯುವವರೆಗೂ ಇಳಿಸಲಿಲ್ಲ.

ಮುಗಿದ ಮೇಲೆ ಮಿಸ್ ಡಲ್ಸಿ ನನ್ನ ಫೋನು ನನಗೆ ವಾಪಸು ಕೊಟ್ಟರು.

‘ಈಗ ನೀನು ಚೆಕ್ ಮಾಡಿದ ಹಾಗಾಯಿತು,’ ಎಂದರು.